ಹಂಡೆಯನ್ನು ತಾಮ್ರವೆಂದು ಓದಿಸುವ ಇಂಗ್ಲಿಷ್

ಶಾಲೆಗಳಲ್ಲಿ ಇಂಗ್ಲಿಷ್ ಬರವಣಿಗೆಯ ಅಭ್ಯಾಸ ಬಹುಮಟ್ಟಿಗೆ ರಜೆಯ ಅರ್ಜಿಯಿಂದ ಆರಂಭವಾಗುತ್ತದೆ. 'ಲೀವ್', 'ಹಾಲಿಡೇ', 'ವೆಕೇಶನ್' ಎಂಬ ಮೂರು ಶಬ್ದಗಳಿಗೂ ಕನ್ನಡದ 'ರಜೆ' ಒಂದೇ ಸಾಕೆಂದು ವಿದ್ಯಾರ್ಥಿ ತಿಳಿಯುತ್ತಾನೆ. 'ಹಾಲಿಡೇ' ಎಂಬುದು ಮೂಲದಲ್ಲಿ 'ಪವಿತ್ರ ದಿನ'ವಾಗಿತ್ತೆಂಬುದನ್ನೂ, ದುಡಿಯುವವನಿಗೆ ಬಿಡುವು ದೊರೆಯಲು ಒಂದು ಪರ್ವ ಒದಗಿಬರಬೇಕಾಗಿದ್ದ ಕಾಲದ ನೆನಪು ಆ ಶಬ್ದದಲ್ಲಿ ಉಳಿದಿದೆಯೆಂಬುದನ್ನೂ ಅವನಿಗೆ ಯಾರೂ ಹೇಳುವುದಿಲ್ಲ. ಹೇಳದಿದ್ದರೆ ನಷ್ಟವೇನು ಎಂದು ಕೇಳುವವರೇ ಇಂದು ಪಠ್ಯಕ್ರಮಗಳನ್ನು ರೂಪಿಸುತ್ತಿದ್ದಾರೆ. ಭಾಷೆ ಒಂದು ಕೌಶಲ, ಸಾಹಿತ್ಯ ಒಂದು ಅಲಂಕಾರ, ಹಬ್ಬಗಳು ಸಾಮಾನ್ಯಜ್ಞಾನ, ಚಿತ್ರಕಲೆ ಬೇರೆಯೇ ವಿಭಾಗದ ಸಂಗತಿ ಎಂಬ ನಾಲ್ಕು ಗೋಡೆಗಳ ನಡುವೆ ಇಂಗ್ಲಿಷ್ ಕಲಿಕೆಯನ್ನು ಕೂಡಿಹಾಕಲಾಗಿದೆ. ಈ ವಿಂಗಡಣೆ ಅನುಕೂಲಕರವಾಗಿರಬಹುದು, ಸತ್ಯವಲ್ಲ. ಗೋಡೆಗಳನ್ನು ಕಟ್ಟಿದವರು ವಿದ್ಯಾರ್ಥಿಗೆ ಇಂಗ್ಲಿಷನ್ನು ಸುಲಭ ಮಾಡಿಕೊಡಲಿಲ್ಲ, ಅದನ್ನು ಅರ್ಥವಾಗದಂತೆ ಮಾಡಿದರು.

ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಕೃತಿಯ ಒಂದು ಸನ್ನಿವೇಶ ಇದಕ್ಕೆ ಸಾಕ್ಷಿ. ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಮನೆಯಲ್ಲಿ ಹಬ್ಬದ ಊಟ ನಡೆದಿದೆ. ಹೆಬ್ಬಾತು ಮನೆಯ ಒಲೆಯ ಮೇಲೆ ಬೆಂದುದಲ್ಲ, ಮಕ್ಕಳು ಬೇಕರಿಯಿಂದ ಹೊತ್ತು ತಂದದ್ದು. ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಕಡುಬು 'ಕಾಪರ್'ನಿಂದ ಹೊರಬರುತ್ತದೆ. ಮನೆಯಲ್ಲೆಲ್ಲ ಬಟ್ಟೆ ಒಗೆಯುವ ದಿನದ ವಾಸನೆ ಹರಡುತ್ತದೆ. ನಿಘಂಟನ್ನು ನಂಬಿದ ವಿದ್ಯಾರ್ಥಿ 'ಕಾಪರ್' ಎಂದರೆ ತಾಮ್ರ ಎಂದು ಬರೆದುಕೊಂಡು ತಬ್ಬಿಬ್ಬಾಗುತ್ತಾನೆ. ಅದು ಬಟ್ಟೆ ಬೇಯಿಸುವ ಹಂಡೆ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಬಲ್ಲ ಕನ್ನಡ ಮನೆಯ ಹುಡುಗಿಗೆ ಒಂದೇ ಮಾತಿನಲ್ಲಿ ತಿಳಿಸಬಹುದಾದ ವಿಷಯವಿದು. ಅಷ್ಟು ತಿಳಿದರೆ ಉಳಿದುದೆಲ್ಲ ಬೆಳಕಿಗೆ ಬರುತ್ತದೆ: ಆ ಮನೆಯಲ್ಲಿ ಹೆಬ್ಬಾತನ್ನು ಬೇಯಿಸುವಷ್ಟು ದೊಡ್ಡ ಒಲೆಯಿಲ್ಲ, ಹಬ್ಬದ ಕಡುಬಿಗೂ ಮೈಲಿಗೆಯ ಬಟ್ಟೆಗೂ ಪಾತ್ರೆ ಒಂದೇ, ಆದರೂ ಮನೆಯೊಡತಿಯ ಮುಖದಲ್ಲಿ ಹೆಮ್ಮೆ. ಸಾಹಿತ್ಯವನ್ನು ಬಿಟ್ಟರೆ ಈ ಶಬ್ದ ಸಿಗುವುದಿಲ್ಲ. ಹಬ್ಬದ ಆಚರಣೆಯನ್ನು ಬಿಟ್ಟರೆ ಶಬ್ದ ಸಿಕ್ಕರೂ ಅರ್ಥ ಸಿಗುವುದಿಲ್ಲ.

ಅದೇ ಕೃತಿಯಲ್ಲಿ ಜಿಪುಣ ಸ್ಕ್ರೂಜ್ ಬಡವರಿಗಾಗಿ ದಾನ ಕೇಳಲು ಬಂದವರನ್ನು ಸೆರೆಮನೆಗಳಿಲ್ಲವೇ, 'ಯೂನಿಯನ್' ವರ್ಕ್‌ಹೌಸುಗಳಿಲ್ಲವೇ ಎಂದು ವಿಚಾರಿಸುತ್ತಾನೆ. 'ಯೂನಿಯನ್' ಎಂದೊಡನೆ ಕಾರ್ಮಿಕ ಸಂಘವೆಂದು ಭಾವಿಸುವ ಓದುಗರು ಸ್ನಾತಕೋತ್ತರ ತರಗತಿಗಳಲ್ಲಿಯೂ ಇದ್ದಾರು. 1834ರ ಬಡವರ ಕಾಯಿದೆಯ ಪ್ರಕಾರ ಹಲವು ಪ್ಯಾರಿಷುಗಳನ್ನು ಕೂಡಿಸಿ ಮಾಡಿದ ಒಕ್ಕೂಟಕ್ಕೆ ಆ ಹೆಸರಿತ್ತು. ಪ್ರತಿ ಒಕ್ಕೂಟಕ್ಕೂ ಒಂದು ವರ್ಕ್‌ಹೌಸ್. ಅಲ್ಲಿ ಗಂಡನನ್ನು ಹೆಂಡತಿಯಿಂದ, ತಾಯಿಯನ್ನು ಮಕ್ಕಳಿಂದ ಬೇರ್ಪಡಿಸಿ ಅನ್ನ ಹಾಕುತ್ತಿದ್ದರು. ಸಂಘವೆಂಬ ಹೆಸರಿನಲ್ಲಿ ಸಂಸಾರವನ್ನು ಒಡೆಯುವ ಈ ವ್ಯವಸ್ಥೆಯ ಕ್ರೂರ ವಿಡಂಬನೆ ಆ ಒಂದು ಶಬ್ದದಲ್ಲಿ ಅಡಗಿದೆ. ವ್ಯಾಕರಣದ ಯಾವ ಅಭ್ಯಾಸಪುಸ್ತಕ ಇದನ್ನು ಕಲಿಸಬಲ್ಲದು?

ಸಾಹಿತ್ಯ, ಹಬ್ಬ, ಚಿತ್ರಕಲೆ ಎಂಬ ಮೂರನ್ನು ಬೇರೆಬೇರೆ ಇರಿಸಬೇಕೆನ್ನುವವರು 1843ನೆಯ ಇಸವಿಯ ಲಂಡನ್ನನ್ನು ಒಮ್ಮೆ ಗಮನಿಸುವುದು ಒಳ್ಳೆಯದು. ಬಡವರ ಕಾಯಿದೆ ಬಂದ 1834ರಲ್ಲಿಯೇ ಪಾರ್ಲಿಮೆಂಟಿನ ಹಳೆಯ ಕಟ್ಟಡ ಬೆಂಕಿಗೆ ಆಹುತಿಯಾಗಿತ್ತು. ಹೊಸ ಸೌಧದ ಗೋಡೆಗಳಿಗೆ ಭಿತ್ತಿಚಿತ್ರಗಳನ್ನು ಬರೆಸಲು ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್‌ನ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಭಿತ್ತಿಚಿತ್ರಕ್ಕೆ ಮುನ್ನ ದೊಡ್ಡ ಕಾಗದದ ಮೇಲೆ ಬರೆಯುವ ಪೂರ್ಣಪ್ರಮಾಣದ ರೇಖಾಚಿತ್ರಕ್ಕೆ ಇಟಾಲಿಯನ್ನಿನ 'ಕಾರ್ಟೋನೆ' ಎಂಬ ಶಬ್ದದಿಂದ ಬಂದ 'ಕಾರ್ಟೂನ್' ಎಂಬ ಹೆಸರಿತ್ತು. ಅಂಥ ಕಾರ್ಟೂನುಗಳ ಸ್ಪರ್ಧೆಯ ಪ್ರದರ್ಶನ 1843ರ ಬೇಸಗೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ನಡೆಯಿತು. ಹಸಿವಿನಿಂದ ಕಂಗೆಟ್ಟ ನಗರದಲ್ಲಿ ಸರ್ಕಾರ ಗೋಡೆಯ ಚಿತ್ರಗಳಿಗೆ ಹಣ ಸುರಿಯುತ್ತಿದ್ದುದನ್ನು ಕಂಡು 'ಪಂಚ್' ಪತ್ರಿಕೆ ಜುಲೈ ತಿಂಗಳಲ್ಲಿ ತನ್ನದೇ ಒಂದು 'ಕಾರ್ಟೂನ್' ಅಚ್ಚುಹಾಕಿತು. ಚಿಂದಿಯುಟ್ಟ ಬಡವರು, ಊರುಗೋಲು ಹಿಡಿದವರು, ಬಡಕಲು ಮಕ್ಕಳು ಚಿತ್ರಶಾಲೆಯ ಗೋಡೆಗಳ ಮೇಲಿನ ಕೊಬ್ಬಿದ ಮುಖಗಳನ್ನು ನೋಡುತ್ತ ನಿಂತಿರುವ ಚಿತ್ರವದು. ಕನ್ನಡದಲ್ಲಿ 'ವ್ಯಂಗ್ಯಚಿತ್ರ'ವೆಂದು ಕರೆಯುವ ಅರ್ಥ 'ಕಾರ್ಟೂನ್' ಶಬ್ದಕ್ಕೆ ಅಂಟಿಕೊಂಡುದು ಅಲ್ಲಿಂದ. ಶಬ್ದದ ಅರ್ಥ ಬದಲಾದುದು ನಿಘಂಟುಕಾರನ ಮೇಜಿನ ಮೇಲಲ್ಲ, ಅನ್ನದ ಪ್ರಶ್ನೆಯ ಎದುರಿನಲ್ಲಿ.

ಆ ಚಿತ್ರವನ್ನು ಬರೆದವನು ಜಾನ್ ಲೀಚ್. ಅದೇ ವರ್ಷ ಡಿಸೆಂಬರ್ 19ರಂದು ಪ್ರಕಟವಾದ 'ಕ್ರಿಸ್‌ಮಸ್ ಕ್ಯಾರಲ್'ಗೆ ಎಂಟು ಚಿತ್ರಗಳನ್ನು ಬರೆದವನೂ ಆತನೇ. ನಾಲ್ಕಕ್ಕೆ ಕೈಯಿಂದ ಬಣ್ಣ ತುಂಬಲಾಗಿತ್ತು. ಇನ್ನು ವೆಸ್ಟ್‌ಮಿನ್‌ಸ್ಟರಿನ ಸ್ಪರ್ಧೆಯಲ್ಲಿ ಬಹುಮಾನ ಪಡೆದವರಲ್ಲಿ ಜಾನ್ ಕ್ಯಾಲ್ಕಟ್ ಹಾರ್ಸ್‌ಲಿ ಒಬ್ಬ. ಅವನಿಂದ ಅದೇ 1843ರ ಕೊನೆಯಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಒಂದು ಶುಭಾಶಯಪತ್ರವನ್ನು ಬರೆಸಿದ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಎಂದು ಇಂದು ಪ್ರಸಿದ್ಧವಾಗಿರುವುದು ಅದೇ. ಬೆಲೆ ಒಂದು ಶಿಲ್ಲಿಂಗ್. ನಡುವೆ ಮೂರು ತಲೆಮಾರಿನ ಕುಟುಂಬವೊಂದು ಮದ್ಯದ ಬಟ್ಟಲೆತ್ತಿ ನಲಿಯುತ್ತಿದೆ. ಎಡಬಲಗಳಲ್ಲಿ ಹಸಿದವರಿಗೆ ಅನ್ನ, ಬತ್ತಲೆಯಿದ್ದವರಿಗೆ ಬಟ್ಟೆ ನೀಡುವ ದೃಶ್ಯಗಳಿವೆ. ನಡುವಣ ಚಿತ್ರದಲ್ಲಿ ಮಗುವಿನ ತುಟಿಗೂ ಬಟ್ಟಲು ಹಿಡಿದುದನ್ನು ಕಂಡು ಪಾನವಿರೋಧಿಗಳು ಕೆರಳಿದರು. ಕಲೆಯ ಇತಿಹಾಸ ಬಲ್ಲವರು ಇನ್ನೊಂದನ್ನೂ ಕಾಣುತ್ತಾರೆ. ನಡುವೆ ಒಂದು, ಪಕ್ಕಗಳಲ್ಲಿ ಎರಡು ಎಂಬ ಈ ಮೂರು ಹಲಗೆಗಳ ವಿನ್ಯಾಸ ಐರೋಪ್ಯ ಇಗರ್ಜಿಗಳ ಪೂಜಾವೇದಿಕೆಯ ಚಿತ್ರಗಳದ್ದು. ಅಲ್ಲಿ ನಡುವಣ ಹಲಗೆಯಲ್ಲಿ ಶಿಶು ಯೇಸುವೋ ಶಿಲುಬೆಯೋ ಇರುತ್ತಿತ್ತು. ಹಾರ್ಸ್‌ಲಿ ಅಲ್ಲಿ ಉಳ್ಳವರ ಮನೆಯ ಊಟದ ಮೇಜನ್ನು ಇರಿಸಿದ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಬ್ಬವೊಂದು ಇಗರ್ಜಿಯಿಂದ ಮನೆಗೆ ಜಾರಿದ ಚರಿತ್ರೆಯೇ ಈ ಅಂಗೈಯಗಲದ ಕಾಗದದಲ್ಲಿದೆ. ಕರುಣೆ ಎಲ್ಲಿ ನಿಂತಿದೆಯೆಂಬುದೂ ಅದರಲ್ಲಿ ಕಾಣುತ್ತದೆ: ಅಂಚಿನಲ್ಲಿ.

ಡಿಕನ್ಸ್‌ನ ಪುಸ್ತಕದ ಬೆಲೆ ಐದು ಶಿಲ್ಲಿಂಗ್. ಕ್ರ್ಯಾಚಿಟ್‌ನ ವಾರದ ಸಂಬಳ ಹದಿನೈದು ಶಿಲ್ಲಿಂಗ್. ತನ್ನ ಮನೆಯ ಕಥೆಯನ್ನು ಕೊಳ್ಳಬೇಕಾದರೆ ಆ ಗುಮಾಸ್ತ ವಾರದ ಗಳಿಕೆಯ ಮೂರನೆಯ ಒಂದು ಭಾಗವನ್ನು ತೆರಬೇಕಿತ್ತು. ಮೊದಲು ಅಚ್ಚಾದ 6,000 ಪ್ರತಿಗಳು ಹಬ್ಬದ ಮುನ್ನಾದಿನಕ್ಕೇ ಮುಗಿದವು, ಆದರೆ ಬಣ್ಣದ ಚಿತ್ರಗಳ ಖರ್ಚಿನಿಂದ ಲೇಖಕನ ನಿರೀಕ್ಷೆಯ ಲಾಭ ಬರಲಿಲ್ಲ. ಇಂಥ ಲೆಕ್ಕಗಳು ಸಾಹಿತ್ಯದ ಹೊರಗಿನವೆಂದು ಮೂಗುಮುರಿಯುವ ವಿಮರ್ಶಕರಿದ್ದಾರೆ. ಅವರು ಕೃತಿಯನ್ನು ಓದಿದ್ದಾರೆಯೇ ಹೊರತು ಅದರ ಬೆಲೆಯನ್ನು ಅಲ್ಲ.

ಹಬ್ಬಗಳ ಪಾಠಗಳೇ ಇಲ್ಲವೆಂದಲ್ಲ. ಇವೆ, ಅವು ಇಲ್ಲದಿದ್ದರೆ ಒಳಿತಾಗುತ್ತಿತ್ತು ಎನ್ನುವಂತಿವೆ. ನಕ್ಷತ್ರ, ಹಸಿರು ಮರ, ಕೆಂಪಂಗಿಯ ಮುದುಕ, ಕೇಕು—ಇಷ್ಟನ್ನು ಒಂದು ಪುಟದಲ್ಲಿ ಜೋಡಿಸಿ 'ಪ್ರಾಚೀನ ಸಂಪ್ರದಾಯ'ವೆಂದು ಹೇಳಿ ಮುಗಿಸುತ್ತಾರೆ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಆಚರಣೆಯನ್ನೇ ರದ್ದುಗೊಳಿಸಿತ್ತು. ಅಟ್ಲಾಂಟಿಕಿನ ಆಚೆ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವನಿಗೆ ಐದು ಶಿಲ್ಲಿಂಗ್ ದಂಡವಿತ್ತು. ನಿಷೇಧಿಸಿದವರು ಅನ್ಯಮತೀಯರಲ್ಲ, ಕಟ್ಟಾ ಕ್ರೈಸ್ತರು. ಬೈಬಲಿನಲ್ಲಿ ಇಲ್ಲದ ಹಬ್ಬ ತಮಗೆ ಬೇಡವೆಂಬುದು ಅವರ ವಾದ. ಇನ್ನು ಹಸಿರು ಮರ 'ಕ್ಯಾರಲ್' ಕಥೆಯಲ್ಲಿ ಎಲ್ಲಿಯೂ ಇಲ್ಲ. 1848ರಲ್ಲಿ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ರಾಣಿಯ ಕುಟುಂಬ ಅಲಂಕೃತ ಮರದ ಸುತ್ತ ನಿಂತ ಚಿತ್ರವನ್ನು ಅಚ್ಚುಹಾಕಿದ ಮೇಲೆ ಆ ಜರ್ಮನ್ ಪದ್ಧತಿ ಇಂಗ್ಲೆಂಡಿನ ಮನೆಮನೆಗೆ ಹರಡತೊಡಗಿತು. 1850ರಲ್ಲಿ ಡಿಕನ್ಸ್ ಮರದ ಬಗ್ಗೆ ಬರೆದಾಗಲೂ ಅದನ್ನು ಜರ್ಮನ್ ವಸ್ತುವೆಂದೇ ಗುರುತಿಸಿದ. ಅದೇ ವರ್ಷ ಫಿಲಡೆಲ್ಫಿಯಾದ ಮಹಿಳಾ ಪತ್ರಿಕೆಯೊಂದು ಆ ಚಿತ್ರವನ್ನು ಮರುಮುದ್ರಿಸಿತು, ರಾಣಿಯ ತಲೆಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿ! ರಾಜವಂಶ ಸಾಮಾನ್ಯ ಅಮೆರಿಕನ್ ಸಂಸಾರವಾಯಿತು, ಪರದೇಶದ ರೂಢಿ ಸ್ವದೇಶದ್ದಾಯಿತು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸಗಳನ್ನು ಇಂಗ್ಲಿಷಿನಲ್ಲಿ ಬರೆಯಿರೆಂದು ಹೇಳಿದರೆ ಅದಕ್ಕಿಂತ ಒಳ್ಳೆಯ ರಚನಾಭ್ಯಾಸ ಬೇರೊಂದಿರದು. ಪಾಠಪುಸ್ತಕಗಳು ಮಾತ್ರ ಮರದ ಚಿತ್ರಕ್ಕೆ ಬಣ್ಣ ತುಂಬಲು ಹೇಳುತ್ತವೆ.

ಆಡುಮಾತಿನ ಇಂಗ್ಲಿಷೊಂದೇ ಸಾಕೆನ್ನುವವರಿಗೂ ಈ ಚರಿತ್ರೆಯಿಂದ ಬಿಡುಗಡೆಯಿಲ್ಲ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದಿನವೂ ಕೇಳಿಬರುವ 'ಗೈಸ್' ಎಂಬ ಸಂಬೋಧನೆ 1605ರ ನವೆಂಬರಿನಲ್ಲಿ ಪಾರ್ಲಿಮೆಂಟಿನ ಕೆಳಗೆ ಸಿಡಿಮದ್ದಿನೊಡನೆ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಹೆಸರಿನಿಂದ ಬಂದುದು. ಪ್ರತಿವರ್ಷ ನವೆಂಬರ್ 5ರಂದು ಸುಡುತ್ತಿದ್ದ ಅವನ ಪ್ರತಿಕೃತಿ 'ಗೈ' ಎನಿಸಿತು. ಆಮೇಲೆ ಆ ಗೊಂಬೆಯಂತೆ ವಿಕಾರ ವೇಷ ತೊಟ್ಟವನು. ಕೊನೆಗೆ ಅಮೆರಿಕದಲ್ಲಿ ಯಾವನಾದರೂ ಸರಿ.

ಈ ಕ್ರಮಕ್ಕೆ ಗಂಭೀರವಾದ ಆಕ್ಷೇಪ ಬರುವುದು ಕೌಶಲವಾದಿಗಳಿಂದಲ್ಲ, ಇತಿಹಾಸ ಬಲ್ಲವರಿಂದ. ಭಾರತದಲ್ಲಿ ಇಂಗ್ಲಿಷ್ ಸಾಹಿತ್ಯದ ಬೋಧನೆ ಆಳುವವರ ಉಪಕರಣವಾಗಿತ್ತಲ್ಲವೇ? ಹೌದು. 1835ರ ಮೆಕಾಲೆಯ ಟಿಪ್ಪಣಿಯನ್ನು ಎಲ್ಲರೂ ಬಲ್ಲರು. ಇಂಗ್ಲಿಷ್ ಸಾಹಿತ್ಯ ಪಠ್ಯವಿಷಯವಾಗಿ ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ರೂಪುಗೊಂಡ ಬಗೆಯನ್ನು ಗೌರಿ ವಿಶ್ವನಾಥನ್ 1989ರ ತಮ್ಮ ಗ್ರಂಥದಲ್ಲಿ ಸಾಧಾರವಾಗಿ ತೋರಿಸಿದ್ದಾರೆ. ಆದರೆ ಆ ಗ್ರಂಥದ ವಾದವನ್ನು ಪೂರ್ತಿ ಓದಬೇಕು. ಸುಲಿಗೆ ಮಾಡುವ ಇಂಗ್ಲಿಷನನ್ನು ಮರೆಮಾಡಿ ಅವನ ಸ್ಥಾನದಲ್ಲಿ ಪುಸ್ತಕದ ಆದರ್ಶ ಇಂಗ್ಲಿಷನನ್ನು ನಿಲ್ಲಿಸಿದ್ದೇ ಅಂದಿನ ತಂತ್ರ. ಅಂದರೆ ಸಾಹಿತ್ಯವನ್ನು ಅದರ ಬೀದಿಯಿಂದ, ಕಾರ್ಖಾನೆಯಿಂದ, ಹಸಿವಿನಿಂದ ಕತ್ತರಿಸಿ ಕೊಟ್ಟದ್ದರಿಂದಲೇ ಅದು ಆಳುವವರಿಗೆ ಉಪಯುಕ್ತವಾಯಿತು. ವರ್ಕ್‌ಹೌಸನ್ನೂ ಹದಿನೈದು ಶಿಲ್ಲಿಂಗಿನ ಗುಮಾಸ್ತನನ್ನೂ ಲೀಚ್‌ನ ಚಿಂದಿಯುಟ್ಟ ಮಕ್ಕಳನ್ನೂ ಕಂಡ ವಿದ್ಯಾರ್ಥಿಗೆ ಇಂಗ್ಲೆಂಡ್ ಪೂಜಾವಿಗ್ರಹವಾಗಿ ಉಳಿಯುವುದಿಲ್ಲ. ಸಾಹಿತ್ಯವನ್ನೇ ಕಿತ್ತುಹಾಕಿ ಗಿರಾಕಿಗೆ ಉತ್ತರಿಸುವ ವಾಕ್ಯಗಳನ್ನಷ್ಟೇ ಕಲಿಸುವುದು ಮೆಕಾಲೆಗೆ ನೀಡಿದ ಉತ್ತರವಲ್ಲ. ಅವನು ಬಯಸಿದ ದುಭಾಷಿಗಳನ್ನು ಇನ್ನಷ್ಟು ಅಗ್ಗದಲ್ಲಿ ತಯಾರಿಸುವ ಕ್ರಮ.

ಹೆಬ್ಬಾತಿನ ಊಟ, ಮದ್ಯದ ಬಟ್ಟಲು, ಪರಮತದ ಹಬ್ಬ, ಇವೆಲ್ಲ ಸಸ್ಯಾಹಾರಿ ಮನೆಯ ಮಕ್ಕಳಿಗೆ ತಕ್ಕುದೇ ಎಂದು ಅಳುಕುವವರಿಗೆ ಕನ್ನಡದ ಜೈನ ಕವಿಗಳೇ ಸಮಾಧಾನ ಹೇಳಬಲ್ಲರು. ಪಂಪ ಬೇಟೆಯನ್ನೂ ಪಾನಗೋಷ್ಠಿಯನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದ. ಅದರಿಂದ ಅವನ ಅಹಿಂಸಾಧರ್ಮಕ್ಕೆ ಕುಂದು ಬರಲಿಲ್ಲ. ಜನ್ನನ 'ಯಶೋಧರ ಚರಿತೆ'ಯ ಹಿಟ್ಟಿನ ಕೋಳಿಯನ್ನು ಪರದೇಶದ ಓದುಗನೊಬ್ಬ ತಿಂಡಿಯೆಂದು ತಿಳಿದರೆ ಕಾವ್ಯವೇ ಕುಸಿಯುತ್ತದೆ. ಮಾರಿಗೆ ಬಲಿ ಕೊಡುವ ಆಚರಣೆಯನ್ನೂ, ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಜೈನ ನಿಲುವನ್ನೂ ಅರಿತವನಿಗೆ ಮಾತ್ರ ಆ ಹಿಟ್ಟಿನ ಗೊಂಬೆಯ ಕೂಗು ಕೇಳಿಸುತ್ತದೆ. ಕನ್ನಡ ಕಲಿಯುವವನಿಂದ ಇಷ್ಟನ್ನು ಬಯಸುವವರು ಇಂಗ್ಲಿಷ್ ಕಲಿಯುವವನನ್ನು ಮಾತ್ರ ಬರಿಯ ವಾಕ್ಯಮಾದರಿಗಳಲ್ಲಿ ಏಕೆ ನಿಲ್ಲಿಸಬೇಕು?

ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಿದ. ಜರ್ಮನಿಯಿಂದ ಬಂದ ಕಿಟ್ಟೆಲ್ ಆ ವ್ಯಾಕರಣವನ್ನು 1872ರಲ್ಲಿ ಸಂಪಾದಿಸಿ, ನಾಗವರ್ಮನ ಛಂದಸ್ಸಿಗೆ ಕೈಹಾಕಿ, ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ಕೂಡಿಹಾಕಿದ ಮೇಲೆ 1894ರಲ್ಲಿ ಅವನ ನಿಘಂಟು ಹೊರಬಂದಿತು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳೊಡನೆ ಪಳಗಿದ್ದರಿಂದ 'ಇಂಗ್ಲಿಷ್ ಗೀತಗಳು' ಹುಟ್ಟಿತು, ಹೊಸಗನ್ನಡ ಕಾವ್ಯದ ದಾರಿ ತೆರೆಯಿತು. ಪರಭಾಷೆಯನ್ನು ಕೌಶಲವಾಗಿ ಮಾತ್ರ ಕಲಿತವರಲ್ಲಿ ಇಂಥವರ ಸಾಲಿಗೆ ಸೇರುವವರನ್ನು ಹುಡುಕಿ ತೋರಿಸುವ ಹೊಣೆ ಕೌಶಲವಾದಿಗಳದ್ದು.

ಸಮಯವಿಲ್ಲ, ಸಾಮಗ್ರಿಯಿಲ್ಲ ಎಂಬ ನೆಪಗಳು ಉಳಿದಿವೆ. 'ಕ್ಯಾರಲ್' ಐದೇ ಅಧ್ಯಾಯಗಳ ಕಿರುಪುಸ್ತಕ. ಅದಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಹಾರ್ಸ್‌ಲಿಯ ಕಾರ್ಡಿನ ಪ್ರತಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯದ ಮೊದಲ ನಿರ್ದೇಶಕನಾದವನು ಅದೇ ಹೆನ್ರಿ ಕೋಲ್. ಲೀಚ್‌ನ ಚಿತ್ರಗಳೆಲ್ಲ ಕೈಯಲ್ಲಿರುವ ಫೋನಿನಲ್ಲಿ ದೊರೆಯುತ್ತವೆ. ಅವುಗಳಲ್ಲಿ ಒಂದರಲ್ಲಿ, ಪ್ರೇತದ ನಿಲುವಂಗಿಯ ಮರೆಯಿಂದ ಹೊರಬಂದ ಇಬ್ಬರು ಮಕ್ಕಳು ನಿಂತಿದ್ದಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಅಭಾವ. ಕಥೆಯ ಆ ಭಾಗದಲ್ಲಿ ಡಿಕನ್ಸ್ ಕಾರ್ಖಾನೆಯ ಮಾತನ್ನು ಎತ್ತಿಲ್ಲ. ಲೀಚ್ ಮಾತ್ರ ಮಕ್ಕಳ ಬೆನ್ನ ಹಿಂದೆ ಹೊಗೆಕೊಳವೆಗಳನ್ನು ಬರೆದಿದ್ದಾನೆ.