ನಾಲ್ಕನೆಯ ‘ನಿತ್ಯೋತ್ಸವ’

ಕಳೆದ ತಿಂಗಳು ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲಿ ‘ನಿತ್ಯೋತ್ಸವ’ದ ಹಳೆಯ ಧ್ವನಿಸುರುಳಿಯೊಂದನ್ನು 20 ರೂಪಾಯಿ ಕೊಟ್ಟು ಕೊಂಡು ತಂದೆ. ನನ್ನಾಕೆ ಅದನ್ನು ತಿರುವಿ ನೋಡಿ, “ಇದು ಎಷ್ಟನೆಯದು?” ಎಂದಳು. ನಾಲ್ಕನೆಯದು. ಮನೆಯಲ್ಲಿ ಟೇಪ್‌ರೆಕಾರ್ಡರ್ ಇಲ್ಲ. “ಅಪ್ಪಾ, ಆ ಹಾಡುಗಳೆಲ್ಲ ಫೋನಿನಲ್ಲೇ ಇವೆಯಲ್ಲ!” ಎಂದು ಮಗ ನಕ್ಕ. ಅವನಿಗೆ ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ಈ ಸುರುಳಿ ಹೊರಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು. ನಾನು ಮೊದಲ ಪ್ರತಿಯನ್ನು ಕೊಂಡದ್ದು ಕೆಲಸಕ್ಕೆ ಸೇರಿದ ವರ್ಷ, ಮೊದಲ ಸಂಬಳದಲ್ಲಿ. ಒಂದು ದಿನ ಸಂಗೀತ ಬಲ್ಲ ಸಹೋದ್ಯೋಗಿಯೊಬ್ಬರು ಅಧ್ಯಾಪಕರ ಕೊಠಡಿಯಲ್ಲಿ, “ಇದರಲ್ಲಿ ಶಾಸ್ತ್ರವೂ ಇಲ್ಲ, ಸಿನಿಮಾದ ಸೊಗಸೂ ಇಲ್ಲ. ಮೇಷ್ಟ್ರುಗಳ ಸಂಗೀತ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗೆಗಾಗಿ ಇಂದಿಗೂ ನಾಚುತ್ತೇನೆ. ಅದೇ ವಾರ ಸುರುಳಿಯನ್ನು ರಾಜ್ಯೋತ್ಸವದ ಅಭ್ಯಾಸಕ್ಕೆಂದು ಹುಡುಗನೊಬ್ಬನಿಗೆ ಕೊಟ್ಟು, ಹಿಂದಿರುಗಿಸಬೇಡವೆಂದೆ. ಆರು ತಿಂಗಳಲ್ಲಿ ಮತ್ತೊಂದನ್ನು ಕೊಂಡೆ. ಮನೆಯಲ್ಲಿ ಮೆಲ್ಲನೆ ಹಾಕಿ ಕೇಳುತ್ತಿದ್ದೆ. (ಕವಿಯೂ ಮೇಷ್ಟ್ರೇ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸಿದವರು. ಈ ಮಾತು ಅಂದು ನನಗೆ ಹೊಳೆಯಲಿಲ್ಲ.)

ಎರಡನೆಯದನ್ನು ಕೆಡಿಸಿದವನು ನಾನೇ. ಸುರುಳಿಯ ಅಂಚಿನ ಸಣ್ಣ ಕಿಂಡಿಗೆ ಕಾಗದ ತುರುಕಿದರೆ ಅದರ ಮೇಲೆ ಮತ್ತೆ ಮುದ್ರಿಸಬಹುದೆಂಬುದು ನಿಮಗೆ ನೆನಪಿರಬಹುದು. ಮಕ್ಕಳು ಸಿನಿಮಾ ಹಾಡು ಬೇಕೆಂದಾಗ, ‘ಹಳೆಯದು ತಾನೇ’ ಎಂದು ಕಾಗದ ಮಡಿಸಿ ಕೊಟ್ಟೆ. ಮೂರನೆಯದು ಮನೆ ಬದಲಿಸುವಾಗ ಟೇಪ್‌ರೆಕಾರ್ಡರಿನ ಜೊತೆಗೇ ಗುಜರಿಗೆ ಹೋಯಿತು.

ಪ್ರತಿ ಸಲ ಕೈಬಿಟ್ಟದ್ದು ಯಾರದೋ ಮಾತಿಗೆ. ಮತ್ತೆ ಕೊಂಡದ್ದು ಮಾತ್ರ ಯಾರನ್ನೂ ಕೇಳದೆ. ಸಹೋದ್ಯೋಗಿ ದೋಷವೆಂದದ್ದೇ ನನ್ನ ಮಟ್ಟಿಗೆ ಈ ಸಂಗೀತದ ಗುಣ. ಇಲ್ಲಿ ರಾಗವು ಪದದ ಹಿಂದೆ ನಡೆಯುತ್ತದೆ. ಒತ್ತಕ್ಷರವೊಂದೂ ನುಂಗಿಹೋಗುವುದಿಲ್ಲ. ಕವಿತೆಯನ್ನು ಹೇಗೆ ಓದಬೇಕೆಂದು ನಾನು ಕಲಿತದ್ದು ಬಿ.ಎಡ್. ತರಗತಿಗಿಂತ ಹೆಚ್ಚಾಗಿ ಇದರಿಂದ. ತರಗತಿಯಲ್ಲಿ ನಾನು ಪದ್ಯ ಓದಿದ್ದು ನಿಮಗೆ ಹಿಡಿಸಿದ್ದರೆ ಅದರ ಸಾಲ ಅನಂತಸ್ವಾಮಿಯವರಿಗೆ ಸಲ್ಲಬೇಕು. ನಿಮ್ಮೆದುರು ಈ ಸಾಲವನ್ನು ಎಂದೂ ಒಪ್ಪಿಕೊಳ್ಳಲಿಲ್ಲವೆಂಬುದೇ ನನ್ನ ಅಳುಕು.

ಮಗನ ಮಾತು ಸುಳ್ಳಲ್ಲ. ಆದರೆ ಫೋನಿನಲ್ಲಿ ಬೆರಳು ನೇರವಾಗಿ ಜೋಗದ ಹಾಡಿಗೇ ಹೋಗುತ್ತದೆ. ನವೆಂಬರ್ 1ರಂದು ಊರೆಲ್ಲ ಹಾಡುವುದೂ ಅದನ್ನೇ. ಟೇಪನ್ನು ಮುಂದಕ್ಕೆ ಓಡಿಸಿದರೆ ಸಿಕ್ಕಾದೀತೆಂಬ ಭಯದಿಂದ ನಾವು ಇಡೀ ಬದಿಯನ್ನು ಕೇಳುತ್ತಿದ್ದೆವು. ಮೊದಲು ಹಿಡಿಸದ ಹಾಡುಗಳು ಹಾಗೆಯೇ, ವರ್ಷಗಳ ಮೇಲೆ, ಒಳಗಿಳಿದವು.

ಅನಂತಸ್ವಾಮಿಯವರು 1995ರಲ್ಲಿ ಹೋದರು, ನಿಸಾರರು 2020ರಲ್ಲಿ. ಸುರುಳಿ ಈಗ ಪುಸ್ತಕಗಳ ನಡುವೆ, ಬಂದವರಿಗೆ ಕಾಣುವಂತೆ ಇದೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಓಡುವ ಟೇಪ್‌ರೆಕಾರ್ಡರ್ ಬಿದ್ದಿದ್ದರೆ ತಿಳಿಸಿ. ಸಡಿಲವಾದ ಟೇಪನ್ನು ಸುತ್ತಲು ಪೆನ್ಸಿಲು ನನ್ನಲ್ಲಿದೆ.