ಮಳೆಗಾಲದ ಹಿತ್ತಲಿಗೆ ಎಂಥ ಗ್ಯಾಸ್ ಒಲೆ?



ಮಿರಗದ ಮಳೆ ಕೂಡಿತೆಂದರೆ ನಮ್ಮ ಮನೆಗಳಲ್ಲಿ ಬಿತ್ತನೆಯ ಚಿಂತೆಯ ಜೊತೆಗೆ ಒಲೆಯ ಚಿಂತೆಯೂ ಮೊದಲಾಗುತ್ತದೆ. ಕಟ್ಟಿಗೆ ಒದ್ದೆ, ಬೆರಣಿ ಮೆತ್ತಗೆ. ಊದುಗೊಳವೆ ಹಿಡಿದು ಊದಿ ಊದಿ ಮನೆಯ ಹೆಣ್ಣುಮಕ್ಕಳ ಕಣ್ಣು ಕೆಂಪಗಾಗುತ್ತದೆ. ಒಳಗಿನ ಅಡಿಗೆಯ ಮಟ್ಟಿಗೆ ಈ ತೊಂದರೆ ಈಗ ಬಹಳ ಕಡಿಮೆಯಾಗಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಬಡವರ ಮನೆಗೂ ಗ್ಯಾಸ್ ಬಂದಿದೆ. ಆದರೆ ನಾಟಿಯ ಆಳುಗಳಿಗೆ ಇಪ್ಪತ್ತು ಜನರ ಅನ್ನ, ದನಗಳಿಗೆ ಹುರುಳಿ, ಬಾಣಂತಿಗೆ ಹಂಡೆ ನೀರು, ಶ್ರಾದ್ಧ ಅಥವಾ ಸತ್ಯನಾರಾಯಣ ಪೂಜೆಯ ದೊಡ್ಡ ಅಡಿಗೆ, ಇವೆಲ್ಲ ಇಂದಿಗೂ ಹಿತ್ತಲ ಚಪ್ಪರದಲ್ಲಿಯೇ ಆಗುತ್ತವೆ. ಆದ್ದರಿಂದ ಹೊರಗೂ ಒಂದು ಗ್ಯಾಸ್ ಒಲೆ ಇಡುವ ವಿಚಾರ ಅನೇಕರ ಮನೆಯಲ್ಲಿ ನಡೆದಿದೆ. ದಾಂಡೇಲಿ, ಗಣೇಶಗುಡಿ, ಜೋಯಿಡಾ ಕಡೆ ಪ್ರವಾಸಿಗಳಿಗೆ ಊಟ ವಸತಿ ಕೊಡುವ ಮನೆಗಳಿಗಂತೂ ಅದು ಅವಶ್ಯವೇ ಆಗಿದೆ.

ವಿಚಾರ ಒಳ್ಳೆಯದು. ಆದರೆ ಅಂಗಡಿಗೆ ಹೋಗಿ ಹೊಳೆಯುವ ಒಲೆಯನ್ನು ಕೊಂಡು ತಂದರೆ ಕೆಲಸ ಮುಗಿಯಲಿಲ್ಲ. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಮೊದಲು ಒಲೆ ಇಡುವ ಜಾಗ ನೋಡಿರಿ, ಆಮೇಲೆ ಒಲೆ ನೋಡಿರಿ.

ನಮ್ಮ ನಾಲ್ಕು ತಾಲೂಕುಗಳ ಮಳೆ ಒಂದೇ ಬಗೆಯದಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್, ಅಣಶಿ ಭಾಗದಲ್ಲಿ ಘಟ್ಟದ ಮಳೆ ವಾರಗಟ್ಟಲೆ ಬಿಡದೆ ಹೊಯ್ಯುತ್ತದೆ, ಗೋಡೆಯೂ ಬೆವರುತ್ತದೆ. ಹಳಿಯಾಳ, ಮುಂಡಗೋಡಗಳು ಅರೆಮಲೆನಾಡು. ಅಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ದಾಂಡೇಲಿ ಇವೆರಡರ ನಡುವೆ. ಜೋಯಿಡಾದವನ ಒಲೆಗೆ ತುಕ್ಕು ದೊಡ್ಡ ಶತ್ರುವಾದರೆ, ಹಳಿಯಾಳದವನ ಒಲೆಗೆ ಗಾಳಿ ದೊಡ್ಡ ಶತ್ರು. ನಿಮ್ಮ ಹಿತ್ತಲಿಗೆ ಯಾವುದರ ಕಾಟ ಹೆಚ್ಚೆಂಬುದು ನಿಮಗಿಂತ ಚೆನ್ನಾಗಿ ಅಂಗಡಿಯವನಿಗೆ ತಿಳಿಯದು.

ಗಾಳಿಯ ಲೆಕ್ಕವನ್ನೇ ಮೊದಲು ಮಾಡೋಣ. 50 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 3,750 ಕಿಲೋ ಕ್ಯಾಲರಿ ಶಾಖ ಬೇಕು. ಒಂದು ಕಿಲೋ ಗ್ಯಾಸಿನಲ್ಲಿ ಇರುವುದು ಸುಮಾರು 11,000 ಕಿಲೋ ಕ್ಯಾಲರಿ. ಐ.ಎಸ್.ಐ. ಗುರುತಿನ ಮನೆ ಒಲೆ ಅದರಲ್ಲಿ ನೂರಕ್ಕೆ ಕನಿಷ್ಠ 68 ಪಾಲನ್ನು ಪಾತ್ರೆಗೆ ಮುಟ್ಟಿಸಬೇಕೆಂದು ನಿಯಮವಿದೆ. ಹಾಗೆ ಮುಟ್ಟಿದರೆ ಒಂದು ಹಂಡೆಗೆ ಸುಮಾರು ಅರ್ಧ ಕಿಲೋ ಗ್ಯಾಸು ಸಾಕು. 14.2 ಕಿಲೋದ ಒಂದು ಸಿಲಿಂಡರಿನಲ್ಲಿ ಸುಮಾರು 28 ಹಂಡೆ ನೀರು ಕಾಯುತ್ತದೆ. ಆದರೆ ಬಯಲು ಗಾಳಿ ಉರಿಯನ್ನು ಪಕ್ಕಕ್ಕೆ ತಳ್ಳಿ ಶಾಖದ ಅರ್ಧವನ್ನು ಒಯ್ದರೆ ಅದೇ ಸಿಲಿಂಡರಿನಲ್ಲಿ 14 ಹಂಡೆ ಮಾತ್ರ. ಉಳಿದ ಹಣ ಗಾಳಿಗೆ ಹೋಯಿತೆಂದೇ ತಿಳಿಯಿರಿ.

ಹಾಗೆಂದು ಗಾಳಿ ಮಳೆಗೆ ಅಂಜಿ ಚಪ್ಪರದ ನಾಲ್ಕೂ ಬದಿಗೆ ತಾಡಪತ್ರಿ ಕಟ್ಟುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯದ ಕೆಲಸ. ಅಡಿಗೆ ಗ್ಯಾಸು ಗಾಳಿಗಿಂತ ಭಾರವಾದದ್ದು. ಸೋರಿದರೆ ಹೊಗೆಯಂತೆ ಮೇಲೇರಿ ಹೋಗುವುದಿಲ್ಲ. ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ತಾಡಪತ್ರಿ ನೆಲಕ್ಕೆ ಮುಟ್ಟಿದ್ದರೆ ಅದಕ್ಕೆ ಹೊರಗೆ ದಾರಿಯೇ ಇಲ್ಲ. ಪಕ್ಕದಲ್ಲಿ ಗೊಬ್ಬರದ ಗುಂಡಿಯೋ ಬಚ್ಚಲ ನೀರಿನ ಕಾಲುವೆಯೋ ಇದ್ದರೆ ಅಲ್ಲಿ ಹೋಗಿ ಕೂಡುತ್ತದೆ. ಅಷ್ಟೇ ಅಲ್ಲ, ಮುಚ್ಚಿದ ಜಾಗದಲ್ಲಿ ಗಾಳಿ ಸಾಲದೆ ಉರಿದ ಉರಿಯಿಂದ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ. ತಲೆ ಸುತ್ತಿತೆಂದು ಕುಳಿತವರು ಮತ್ತೆ ಏಳದೇ ಹೋಗಬಹುದು.

ಆದ್ದರಿಂದ ಚಪ್ಪರವನ್ನು ಹೀಗೆ ಮಾಡಿರಿ. ಮೇಲೆ ಹೆಂಚು ಅಥವಾ ತಗಡಿನ ಗಟ್ಟಿ ಮಾಡು ಇರಲಿ. ಮಳೆ ಬಡಿಯುವ ಪಡುವಣ ಬದಿಗೆ ಗೋಡೆಯೋ ತಟ್ಟಿಯೋ ಇರಲಿ. ಕನಿಷ್ಠ ಎರಡು ಬದಿ ಪೂರ್ತಿ ತೆರೆದಿರಲಿ, ಕಟ್ಟಿದ ತಟ್ಟಿಯೂ ನೆಲದಿಂದ ಒಂದು ಗೇಣು ಮೇಲಿರಲಿ. ಗಾಳಿಯನ್ನು ತಡೆಯಬೇಕಾದದ್ದು ಚಪ್ಪರಕ್ಕಲ್ಲ, ಉರಿಗೆ. ಒಲೆಯ ಮೂರು ಬದಿಗೆ ಪಾತ್ರೆಯ ಬುಡದೆತ್ತರದ ತಗಡು ನಿಲ್ಲಿಸಿ, ಉರಿಗೆ ಗಾಳಿ ಸಿಗುವಂತೆ ತಗಡಿನ ಕೆಳಗೆ ಎರಡು ಬೆರಳು ಸಂದು ಬಿಡಿರಿ. ಆ ತಗಡಿನ ಒಳಗೆ ಸಿಲಿಂಡರ್ ಮಾತ್ರ ಎಂದೂ ಬರಕೂಡದು.

ಸಿಲಿಂಡರನ್ನು ಹಸಿ ನೆಲದ ಮೇಲೆ ಇಡಬೇಡಿರಿ. ಅದರ ಬುಡದ ಬಳೆ ತುಕ್ಕು ಹಿಡಿಯುತ್ತದೆ. ಇಟ್ಟಿಗೆ ಅಥವಾ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿರಿ. ಗ್ಯಾಸು ತೀರುತ್ತ ಬಂತೆಂದು ಅಡ್ಡ ಮಲಗಿಸಬಾರದು. ಒಲೆಯ ಕಟ್ಟೆ ಸಿಲಿಂಡರಿಗಿಂತ ಎತ್ತರವಿರಲಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು ಮತ್ತು ಇಸವಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಅದು ಸಿಲಿಂಡರನ್ನು ಮರುಪರೀಕ್ಷೆ ಮಾಡಿಸಬೇಕಾದ ಅವಧಿ. ಅವಧಿ ದಾಟಿದ್ದನ್ನು ತೆಗೆದುಕೊಳ್ಳಬೇಡಿರಿ.

ಇನ್ನು ಒಲೆಯ ಆಯ್ಕೆ. ಒಳಮನೆಯ ಗಾಜಿನ ಮೈಯ ಒಲೆಯನ್ನು ಹೊರಗೆ ತರಬೇಡಿರಿ. 50 ಲೀಟರ್ ನೀರು ತುಂಬಿದ ಹಂಡೆ ಅರವತ್ತು ಕಿಲೋಗೆ ಮಿಕ್ಕಿ ತೂಗುತ್ತದೆ. ಅದನ್ನು ಹೊರುವುದು ದಪ್ಪ ಕೋನಪಟ್ಟಿಯ ಚೌಕಟ್ಟಿನ, ಗಿಡ್ಡ ಕಾಲಿನ, ಒಂದೇ ಬರ್ನರಿನ ಒಲೆ. ಒಲೆಯ ಮೇಲೆ ಕೈಯಿಟ್ಟು ಅಲುಗಿಸಿ ನೋಡಿರಿ, ಅಲುಗಿದರೆ ಬೇಡ.

ತುಕ್ಕಿನ ವಿಷಯದಲ್ಲಿ ಮೂರು ಬಗೆಗಳನ್ನು ತಿಳಿಯಿರಿ. ಬಣ್ಣ ಹೊಡೆದ ಕಬ್ಬಿಣದ ತಗಡು ಅಗ್ಗ. ಆದರೆ ಬಣ್ಣ ಎಲ್ಲಿ ಚಕ್ಕೆಯೆದ್ದಿತೋ ಅಲ್ಲಿಂದ ಒಂದೇ ಮಳೆಗಾಲದಲ್ಲಿ ತುಕ್ಕು ತಿನ್ನುತ್ತದೆ. ಎರಕದ ಕಬ್ಬಿಣಕ್ಕೆ ತುಕ್ಕು ಹತ್ತಿದರೂ ದಪ್ಪವಿರುವುದರಿಂದ ಬಾಳುತ್ತದೆ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಸವರಬೇಕು. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲು ತುಟ್ಟಿ, ಆದರೆ ಜೋಯಿಡಾದ ಕಡೆಯವರಿಗೆ ಅದೇ ಕೊನೆಗೆ ಅಗ್ಗ. ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬ ಮಾತನ್ನೇ ನೆಚ್ಚಬೇಡಿರಿ. ಕೀಳು ದರ್ಜೆಯ ಕೆಲವು ಸ್ಟೀಲಿಗೂ ಅದು ಅಂಟುವುದಿಲ್ಲ. ದರ್ಜೆಯನ್ನು ಪಾವತಿಯ ಮೇಲೆ ಬರೆಸಿಕೊಳ್ಳಿರಿ. ಒಲೆಯ ಕಾಲು, ಬೆಸುಗೆಯ ಸಂದು, ಸ್ಕ್ರೂ, ಈ ಮೂರು ಕಡೆ ತುಕ್ಕು ಮೊದಲು ಹತ್ತುತ್ತದೆ. ಕೊಳ್ಳುವಾಗ ಒಲೆಯನ್ನು ಬೋರಲು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಬರ್ನರ್ ಹಿತ್ತಾಳೆಯದಾದರೆ ತುಕ್ಕಿನ ಭಯವಿಲ್ಲ.

ಗುಂಡಿ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುವ ಒಲೆಗೆ ಹೆಚ್ಚಿನ ಹಣ ಕೊಡಬೇಡಿರಿ. ತೇವಕ್ಕೆ ಅದರ ಕಿಡಿ ಹಾರುವುದಿಲ್ಲ. ಉದ್ದ ಹಿಡಿಕೆಯ ಲೈಟರು ಸಾಕು. ಗಾಳಿಗೆ ಉರಿ ಆರಿದರೂ ಗ್ಯಾಸು ಬರುತ್ತಲೇ ಇರುತ್ತದೆ. ಹೊರಗಿನ ಒಲೆ ಉರಿಯುವಾಗ ಒಬ್ಬರು ಹತ್ತಿರವಿರಲೇಬೇಕು.

ಮಳೆಗಾಲದಲ್ಲಿ ಬಳಸದೆ ಬಿಟ್ಟ ಒಲೆಯ ಕೊಳವೆಯಲ್ಲಿ ಜೇಡ, ಕಣಜ ಗೂಡು ಕಟ್ಟುತ್ತವೆ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಮೊದಲು ಕೊಳವೆಯನ್ನು ಬಿಚ್ಚಿ ನೋಡಿರಿ. ಆದರೆ ಗ್ಯಾಸು ಬರುವ ಸಣ್ಣ ತೂತಿಗೆ ಮೊಳೆ ಅಥವಾ ದಬ್ಬಳ ಹಾಕಿ ದೊಡ್ಡದು ಮಾಡಬಾರದು. ಹೊರಗಿನ ನಳಿಕೆಗೆ ಇಲಿಯ ಕಾಟವೂ ಉಂಟು. ಒಳಗೆ ಉಕ್ಕಿನ ತಂತಿಯಿರುವ ಸುರಕ್ಷಾ ನಳಿಕೆಯನ್ನೇ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿರಿ. ಉದ್ದ ಒಂದೂವರೆ ಮೀಟರ್ ಮೀರದಿರಲಿ. ಸೋರಿಕೆ ನೋಡಲು ಸಾಬೂನು ನೀರು ಹಚ್ಚಿರಿ, ಕಡ್ಡಿ ಗೀರಬೇಡಿರಿ.

ಇನ್ನೊಂದು ಎಚ್ಚರಿಕೆ. ಮನೆಯ ರೆಗ್ಯುಲೇಟರು ಕಡಿಮೆ ಒತ್ತಡದ್ದು. ಭರ್ರೆಂದು ಉರಿಯುವ ಭಟ್ಟಿ ಒಲೆ ಹೆಚ್ಚಿನ ಒತ್ತಡದ್ದು. ಒಂದರ ರೆಗ್ಯುಲೇಟರನ್ನು ಇನ್ನೊಂದಕ್ಕೆ ಹಾಕಬಾರದು. ಮನೆ ಒಲೆಗೆ ಹೆಚ್ಚಿನ ಒತ್ತಡ ಕೊಟ್ಟರೆ ಅನಾಹುತವೇ ಆಗುತ್ತದೆ. ದೊಡ್ಡ ಒಲೆ ಬಹಳ ಹೊತ್ತು ಉರಿದಾಗ ಸಿಲಿಂಡರಿನ ಮೈ ತಣ್ಣಗಾಗಿ ಬೆವರಿ ಉರಿ ಕುಂದುವುದನ್ನು ನೀವು ನೋಡಿರಬಹುದು. ಒಳಗಿನ ದ್ರವ ಆವಿಯಾಗಲು ಸಿಲಿಂಡರಿನ ಮೈಯಿಂದಲೇ ಶಾಖ ಎಳೆದುಕೊಳ್ಳುತ್ತದೆ. ತಣ್ಣನೆಯ ಮಳೆ ಹವೆಯಲ್ಲಿ ಇದು ಹೆಚ್ಚು. ಆಗ ಉರಿ ಸಣ್ಣ ಮಾಡಿರಿ. ಬಿಸಿ ನೀರು ಹೊಯ್ಯುವುದು, ಕೆಂಡದ ಹತ್ತಿರ ಇಡುವುದು ಎಂದೂ ಕೂಡದು. ಪ್ರವಾಸಿಗಳಿಗೆ ಅಡಿಗೆ ಮಾಡುವವರು 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ಬಳಸಬೇಕು. ಮನೆಬಳಕೆಯದನ್ನು ವ್ಯಾಪಾರಕ್ಕೆ ಹಚ್ಚುವುದು ಕಾಯಿದೆಗೆ ವಿರುದ್ಧ.

ಹಳಿಯಾಳ, ಮುಂಡಗೋಡಗಳ ಗೌಳಿವಾಡೆಗಳಂತೆ ಎಮ್ಮೆ, ದನ ಹೆಚ್ಚಿರುವ ಕಡೆ ಸಗಣಿ ಗ್ಯಾಸನ್ನು ಮರೆಯಬಾರದು. ದಿನಕ್ಕೆ 50 ಕಿಲೋ ಸಗಣಿ ಸಿಕ್ಕರೆ ಎರಡು ಘನ ಮೀಟರಿನ ಸ್ಥಾವರ ನಡೆಯುತ್ತದೆ. ಆದರೆ ಅದರ ಒಲೆ ಬೇರೆ. ಸಿಲಿಂಡರಿನ ಒಲೆಯ ತೂತು ಅದಕ್ಕೆ ಸಾಲದು. ಮಳೆಗಾಲದಲ್ಲಿ ರಾಡಿ ತಣ್ಣಗಾಗಿ ಗ್ಯಾಸು ಕಡಿಮೆ ಬರುವುದು ಸಹಜ. ಉರಿ ಜಿಗಿಜಿಗಿದು ಆರುತ್ತಿದ್ದರೆ ಪೈಪಿನಲ್ಲಿ ನೀರು ಕಟ್ಟಿದೆಯೆಂದು ತಿಳಿದು ತಗ್ಗಿನ ಜಾಗದಲ್ಲಿ ನೀರು ಬಿಡುವ ತೋಟಿ ಹಾಕಿಸಿರಿ.

ಅಡಿಕೆ ಬೇಯಿಸಲಿಕ್ಕೂ ಗ್ಯಾಸ್ ತರಬಹುದೇ ಎಂದು ಕೇಳುವವರಿದ್ದಾರೆ. ದಿನವಿಡೀ ಉರಿಯುವ ಆ ಕೆಲಸಕ್ಕೆ ಗ್ಯಾಸು ಕಟ್ಟುವುದಿಲ್ಲ. ಅದಕ್ಕೂ ಬಚ್ಚಲಿಗೂ ಕಟ್ಟಿಗೆ, ಅಡಿಕೆ ಸಿಪ್ಪೆಯೇ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆ ಕೊಳವೆಯಿರುವ ಒಲೆ ಕಟ್ಟಿಕೊಂಡರೆ ಕಟ್ಟಿಗೆಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಕಟ್ಟಿಗೆ ತರುವುದೇ ಕಷ್ಟವಾಗಿರುವಾಗ ಇದನ್ನು ಅಲಕ್ಷಿಸಬಾರದು.

ಗ್ಯಾಸಿನ ವಾಸನೆ ಬಂದರೆ ಮೊದಲು ರೆಗ್ಯುಲೇಟರ್ ಬಂದು ಮಾಡಿರಿ. ಲೈಟಿನ ಗುಂಡಿ ಒತ್ತಬೇಡಿರಿ. ಪಕ್ಕದ ಕಟ್ಟಿಗೆ ಒಲೆ ಉರಿಯುತ್ತಿದ್ದರೆ ಜನರನ್ನು ದೂರ ಸರಿಸಿರಿ. ಆಮೇಲೆ ದೂರ ಹೋಗಿ 1906 ಸಂಖ್ಯೆಗೆ ಫೋನ್ ಮಾಡಿರಿ. ಕಾಡಿನ ಒಳಹಳ್ಳಿಗಳಲ್ಲಿ ಫೋನಿನ ಸಂಪರ್ಕ ಎಲ್ಲ ಕಡೆ ಸಿಗದು. ಸಹಾಯ ಬರುವುದೂ ತಡ. ಹಾಗಾಗಿ ಅಲ್ಲಿಯವರಿಗೆ ಜಾಗದ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಕೊನೆಗೆ ಎರಡು ಸೂಚನೆಗಳು. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ದೊಡ್ಡ ಒಲೆಯನ್ನು ಪ್ರತಿ ಮನೆಯವರೂ ಕೊಂಡು ತುಕ್ಕು ಹಿಡಿಸುವುದೇಕೆ? ಊರಿನ ಸಹಕಾರಿ ಸಂಘವೋ ಮಹಿಳಾ ಸ್ವಸಹಾಯ ಸಂಘವೋ ಒಂದು ಒಳ್ಳೆಯ ಒಲೆಯನ್ನು ತರಿಸಿಟ್ಟು, ಸಣ್ಣ ಬಾಡಿಗೆಗೆ ಕೊಟ್ಟು, ಅದೇ ಹಣದಲ್ಲಿ ನಳಿಕೆ ಬದಲಿಸುತ್ತ ಬಂದರೆ ಊರಿಗೆಲ್ಲ ಅನುಕೂಲ. ಎರಡನೆಯದಾಗಿ, ಒಲೆ ಕೊಳ್ಳಲು ಪೇಟೆಗೆ ಹೋಗುವಾಗ ಅದರ ಮುಂದೆ ನಿಲ್ಲುವವರನ್ನು ಕರೆದುಕೊಂಡು ಹೋಗಿರಿ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ಗಂಡಸರು ಒಲೆಯನ್ನು ಮಾತ್ರ ಹೊಳಪು ನೋಡಿ ತರುತ್ತಾರೆ. ಎತ್ತರ, ಗುಂಡಿ, ಹಂಡೆ ಇಳಿಸುವ ಕಷ್ಟ ಇವೆಲ್ಲ ಗೊತ್ತಿರುವುದು ಮನೆಯ ಹೆಣ್ಣುಮಕ್ಕಳಿಗೆ.

ವಾಚನಾಲಯದಲ್ಲಿ ಇದನ್ನು ಓದಿದವರು ಮನೆಗೆ ಹೋಗಿ ಅವರಿಗೂ ಓದಿ ಹೇಳಬೇಕು. ಚಪ್ಪರಕ್ಕೆ ತಾಡಪತ್ರಿ ಕಟ್ಟಿದ್ದರೆ ಇಂದೇ ಎರಡು ಬದಿ ಬಿಚ್ಚಬೇಕು. ಒಲೆ ನಾಳೆ ಕೊಂಡರೂ ನಡೆದೀತು.