ಮತ್ತೊಂದು ಅಲೆಗೆ ಮುನ್ನ ಸ್ವಯಂಸೇವಕರು ನೋಡಿಕೊಳ್ಳಬೇಕಾದ ಲೆಕ್ಕ

2021ರಲ್ಲಿ ಕೊರೋನಾ ಎರಡನೇ ಅಲೆ ಇಳಿದು ಅಂಗಡಿ ಬಾಗಿಲುಗಳು ತೆರೆದವು. ಆ ವರ್ಷದ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಹೋದ ಜೀವಗಳನ್ನು ನಾವು ಮರೆತಿಲ್ಲ. ಅದಾದ ಮೂರೇ ದಿನಕ್ಕೆ ರಾಜ್ಯದಲ್ಲಿ ಒಂದು ದಿನದ ಸೋಂಕಿನ ಸಂಖ್ಯೆ 50 ಸಾವಿರ ದಾಟಿತು. ಮೂರನೇ ಅಲೆ ಬರಬಹುದೆಂದು ತಜ್ಞರು ಆಗ ಎಚ್ಚರಿಸಿದ್ದರು. ಹಿಂದಿನ ಸಲ ಸೇವೆಗೆ ಇಳಿದವರು ಎಲ್ಲಿ ಎಡವಿದೆವು ಎಂದು ನೋಡಿಕೊಳ್ಳಲು ಇದೇ ಸಮಯ.

ಸೇವೆಗೆ ಜನರ ಕೊರತೆ ಎಲ್ಲಿಯೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸರ್ಕಾರ ಎರಡೂವರೆ ಲಕ್ಷ ಸ್ವಯಂಸೇವಕರು ಬೇಕೆಂದು ಕೇಳಿತು. ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟರು. ಆದರೆ ಅವರಲ್ಲಿ ಬಹಳ ಮಂದಿ ವಾರಗಟ್ಟಲೆ ಕೆಲಸವಿಲ್ಲದೆ ಕುಳಿತರು. ಯಾವ ಮನೆಗೆ ಔಷಧ ಬೇಕು, ಯಾವ ವೃದ್ಧರು ಒಂಟಿಯಾಗಿದ್ದಾರೆ ಎಂಬ ಮಾಹಿತಿ ಅಷ್ಟೇ ವೇಗದಲ್ಲಿ ಅವರಿಗೆ ಬರಲಿಲ್ಲ. ವ್ಯಾಪಾರಸ್ಥನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗೋದಾಮು ತುಂಬಾ ಮಾಲಿದ್ದರೂ ಯಾವ ಅಂಗಡಿಗೆ ಎಷ್ಟು ಬೇಕೆಂದು ತಿಳಿಯದಿದ್ದರೆ ಗಾಡಿ ಹೊರಡುವುದಿಲ್ಲ.

ನಮ್ಮ ಊರಿನಲ್ಲಿ ಆದದ್ದನ್ನೂ ಹೇಳಬೇಕು. ದಾನಿಗಳ ನೆರವಿನಿಂದ ಆರು ಆಮ್ಲಜನಕ ಕಾನ್ಸಂಟ್ರೇಟರ್ ತರಿಸಿದೆವು. ಕೇಳಿದವರ ಮನೆಗೆ ನಮ್ಮ ಹುಡುಗರು ರಾತ್ರಿ ಎನ್ನದೆ ಮುಟ್ಟಿಸಿದರು. ಯಾರಿಗೆ ಕೊಟ್ಟೆವು ಎಂದು ಬರೆದುಕೊಂಡೆವು, ಯಾವಾಗ ವಾಪಸ್ ಎಂದು ಬರೆಯಲಿಲ್ಲ. ಒಂದು ಮನೆಯವರು ಗುಣವಾದ ಮೇಲೂ ಮತ್ತೆ ಬೇಕಾದೀತೆಂದು ಹೆದರಿ ಎಂಟು ದಿನ ಇಟ್ಟುಕೊಂಡರು. ಆ ಎಂಟು ದಿನವೂ ಬೇರೆಯವರು ನನ್ನ ಫೋನಿಗೆ ಕರೆ ಮಾಡುತ್ತಲೇ ಇದ್ದರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಸಾಮಾನ್ಯವಾಗಿ ಸಿಗುವ ಯಂತ್ರ ನಿಮಿಷಕ್ಕೆ ಐದು ಲೀಟರ್ ಕೊಡುತ್ತದೆ. ರಕ್ತದ ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸಬೇಕು, 90ಕ್ಕಿಂತ ಇಳಿದರೆ ಆಸ್ಪತ್ರೆಯೇ ಗತಿ. ನಾವು ಯಂತ್ರ ಕೊಟ್ಟ ಒಬ್ಬ ಹಿರಿಯರಿಗೆ 88 ಇತ್ತು. ಯಂತ್ರ ಬಂತೆಂಬ ಧೈರ್ಯದಲ್ಲಿ ಮನೆಯವರು ಎರಡು ದಿನ ಕಾದರು. ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು, ಅವರು ಉಳಿಯಲಿಲ್ಲ. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರೋ ಏನೋ ನಾನು ಹೇಳಲಾರೆ. ಆದರೆ ಯಂತ್ರ ಕೊಡುವಾಗ ವೈದ್ಯರ ಚೀಟಿ ಇದೆಯೇ ಎಂದು ನಾವು ಯಾರೂ ಕೇಳಲಿಲ್ಲ. ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗಾದರೆ ಸರಿಯಾಗಿ ನಡೆದದ್ದು ಯಾವುದು? ಲಸಿಕೆಯ ಕೆಲಸ. ಮೇ 1ರಿಂದ 18 ವರ್ಷ ಮೇಲ್ಪಟ್ಟವರಿಗೂ ಲಸಿಕೆ ಎಂದಾಯಿತು, ಆದರೆ 45ರೊಳಗಿನವರು ಮೊಬೈಲಿನಲ್ಲೇ ನೋಂದಾಯಿಸಬೇಕಿತ್ತು. ಮಾರುಕಟ್ಟೆಯ ಹಮಾಲರಲ್ಲಿ ಎಷ್ಟು ಜನರ ಬಳಿ ಅಂಥ ಫೋನ್ ಇದೆ? ಒಂದು ಸಂಖ್ಯೆಯಲ್ಲಿ ನಾಲ್ವರ ಹೆಸರು ಸೇರಿಸಬಹುದೆಂದು ತಿಳಿದು ನಮ್ಮ ಹುಡುಗರು ತಮ್ಮ ಫೋನಿನಿಂದಲೇ ಮಾಡಿಕೊಟ್ಟರು. ಆದರೂ ಹಮಾಲರು ಹಿಂಜರಿದರು. ಆಶಾ ಕಾರ್ಯಕರ್ತೆ ಕೂತು ಮಾತನಾಡಿದಾಗ ಕಾರಣ ತಿಳಿಯಿತು. ಅವರಿಗೆ ಸೂಜಿಯ ಭಯವಿರಲಿಲ್ಲ, ಮರುದಿನ ಜ್ವರ ಬಂದರೆ ಕೂಲಿ ತಪ್ಪುತ್ತದೆಂಬ ಭಯವಿತ್ತು. ವರ್ತಕರು ಸೇರಿ ಒಂದು ದಿನದ ಕೂಲಿ ಕೊಡುತ್ತೇವೆಂದ ಮೇಲೆ ಸಾಲು ನಿಂತಿತು.

ಎರಡೂ ಕಡೆ ದುಡಿದವರು ಅದೇ ಹುಡುಗರು. ಲಸಿಕೆಯ ಕೆಲಸ ಆರೋಗ್ಯ ಕೇಂದ್ರದ ಜೊತೆಯಲ್ಲಿ, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯ ಮಾತು ಕೇಳಿ ನಡೆಯಿತು. ಯಂತ್ರಗಳನ್ನು ನಾವು ನಮಗೆ ತೋಚಿದಂತೆ ಹಂಚಿದೆವು. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಗೌರವಧನ ಹೆಚ್ಚಿಸಿ ಎಂದು 2020ರಲ್ಲಿ ಸೋಂಕಿನ ನಡುವೆಯೇ ಅವರು ಮುಷ್ಕರ ಹೂಡಬೇಕಾಯಿತು. ಅವರನ್ನು ಸನ್ಮಾನಿಸಿ ಶಾಲು ಹೊದಿಸುವುದಷ್ಟೇ ಸಾಲದು. ಅವರ ನ್ಯಾಯವಾದ ಬೇಡಿಕೆಗೆ ನಾವೂ ದನಿಗೂಡಿಸಬೇಕು.

ಸಮಾಜ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಊರಿನ ಯುವಕ, ಮಹಿಳಾ ಮಂಡಳಗಳು ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು ಏನು ಬೇಕೆಂದು ಕೇಳಲಿ. ನಮ್ಮವರು, ಬೇರೆಯವರು ಎನ್ನದೆ ಬೀದಿಯ ಒಂಟಿ ವೃದ್ಧರ ಪಟ್ಟಿ ಮಾಡಲಿ. ಕೋವಿಶೀಲ್ಡ್‌ನ ಎರಡನೇ ಡೋಸಿಗೆ 2021ರಲ್ಲಿ 12ರಿಂದ 16 ವಾರಗಳ ಅಂತರವಿತ್ತು. ಮರೆಯುವವರೇ ಹೆಚ್ಚಾದ್ದರಿಂದ ಅಂಥ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ. ಕಾನ್ಸಂಟ್ರೇಟರ್ ಇರುವ ಸಂಘಗಳು ವೈದ್ಯರ ಚೀಟಿ ನೋಡಿಯೇ ಕೊಡಲಿ, ಹಿಂತಿರುಗಿಸುವ ದಿನಾಂಕಕ್ಕೆ ಸಹಿ ಪಡೆಯಲಿ. ನಮ್ಮ ಆರು ಯಂತ್ರಗಳಿಗೆ ಕಳೆದ ವಾರ ಅಂಥದೊಂದು ಪುಸ್ತಕ ಹಾಕಿದ್ದೇವೆ. ಮತ್ತೆ ಅದನ್ನು ತೆರೆಯುವ ಪ್ರಸಂಗ ಬಾರದಿರಲಿ. ಬಂದರೆ ಹಿಂದಿನ ತಪ್ಪು ಮರುಕಳಿಸದಿರಲಿ.